ಆರು ವಿದ್ಯಾರ್ಥಿಗಳ ಕಾಲೇಜು

ಅಮೆರಿಕದ ಮೊದಲ ಸಾರ್ವಜನಿಕ ಸಮುದಾಯ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್, ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಸೇರಿ ರೂಪಿಸಿದ ಈ ಪ್ರಯೋಗಕ್ಕೆ ಮೊದಲು ಬಂದವರು ಆರೇ ವಿದ್ಯಾರ್ಥಿಗಳು. ಪದವಿಯ ಮೊದಲೆರಡು ವರ್ಷಗಳ ಪಾಠ ಹೈಸ್ಕೂಲಿನಲ್ಲೇ ನಡೆಯಿತು. ಮನೆಯಲ್ಲೇ ಉಂಡು ಓದಬಹುದಿತ್ತು. ಪರವೂರಿನ ವಸತಿ ಖರ್ಚು ಭರಿಸಲಾಗದ ಕುಟುಂಬಗಳಿಗೆ ಅದೇನೂ ಸಣ್ಣ ಅನುಕೂಲವಲ್ಲ. 1944ರ ಕಾಯ್ದೆಯೊಂದು ಯುದ್ಧದಿಂದ ಮರಳಿದ ಸೈನಿಕರ ಓದಿನ ವೆಚ್ಚ ಹೊತ್ತಾಗ ಇಂಥ ಕಾಲೇಜುಗಳು ತುಂಬತೊಡಗಿದವು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರ ವರದಿಯಲ್ಲಿ, ಇವು ದೇಶದುದ್ದಕ್ಕೂ ಬೇಕೆಂದಿತು. ಬಳಿಕ ದಾದಿಯರ ತರಬೇತಿ, ಯಂತ್ರವಿದ್ಯೆ, ಸಂಜೆ ತರಗತಿಗಳೂ ಸೇರಿಕೊಂಡವು. ಈಗ ಆ ದೇಶದಲ್ಲಿ ಇಂಥ ಸಂಸ್ಥೆಗಳು ಸುಮಾರು ಒಂದು ಸಾವಿರ. ಜೋಲಿಯೆಟ್ ಜೂನಿಯರ್ ಕಾಲೇಜು ಇಂದಿಗೂ ನಡೆಯುತ್ತಿದೆ.