ಮೊದಲೇ ನುಡಿದ ಮಾತು



ರೋಹಿಣಿಯ ಮಳೆ ಮುಗಿದು ಮೃಗಶಿರೆಯದು, ಎಂದರೆ ಊರವರು ‘ಮಿರಗ’ವೆನ್ನುವ ಮಳೆ, ಕಾಲಿಡುವ ಹೊತ್ತಿಗೆ ರಾಯಚೂರಿನ ಬೀಜದಂಗಡಿಗಳ ಮುಂದೆ ಜನ ಸೇರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೃಷ್ಣೆಯ ಕಡೆಯ ದೇವದುರ್ಗದಿಂದ ಬಂದವರುಂಟು, ತುಂಗಭದ್ರೆಯ ಕಡೆಯ ಮಾನ್ವಿಯಿಂದ ಬಂದವರುಂಟು. ಎರಡು ಮಹಾನದಿಗಳ ನಡುವಣ ಸೀಮೆಯೆಂದು ನಮ್ಮ ನಾಡಿಗೆ ಹೆಸರು. ಆದರೂ ಕಾಲುವೆಯ ನೀರು ಕಾಣದ ಎರೆಹೊಲಕ್ಕೆ ಆಕಾಶವೊಂದೇ ಗತಿ. ಅಲ್ಲಿ ನಿಂತ ರೈತನ ಮನಸ್ಸಿನಲ್ಲಿರುವ ಪ್ರಶ್ನೆಗಳು ಎರಡೇ. ಈ ವರ್ಷ ಮಳೆ ಹೇಗೆ? ಈ ಬೀಜ ಹುಳುವನ್ನು ತಡೆದೀತೆ? ಪಟ್ಟಣದಲ್ಲಿರುವ ನಮಗೆ ಇವು ಸಂಜೆಯ ಸುದ್ದಿಯ ಮಾತುಗಳು. ಅವನಿಗಾದರೋ ವರ್ಷದ ಅನ್ನ, ತೀರಿಸಬೇಕಾದ ಸಾಲ, ಮಗಳ ಮದುವೆ, ಎಲ್ಲವೂ ಈ ಎರಡು ಉತ್ತರಗಳಲ್ಲಿ ಅಡಗಿವೆ.

ಒಂದು ಕಾಲದಲ್ಲಿ ಇಂತಹ ಪ್ರಶ್ನೆಗಳು ಪಂಚಾಂಗದ ಮುಂದೆ ಹೋಗುತ್ತಿದ್ದುವು. ಇಂದು ವಿಜ್ಞಾನದ ಮುಂದೆಯೂ ಬಂದು ನಿಂತಿವೆ. ವಿಜ್ಞಾನಕ್ಕೆ ನಾವು ಈ ಪೀಠವನ್ನು ಕೊಟ್ಟುದಕ್ಕೆ ಕಾರಣ ಒಂದೇ: ಅದು ಮೊದಲೇ ನುಡಿಯುತ್ತದೆ; ನುಡಿದಂತೆ ಆಯಿತೋ ಇಲ್ಲವೋ ಎಂಬ ಲೆಕ್ಕವನ್ನು ಎಲ್ಲರೆದುರು ಒಪ್ಪಿಸುತ್ತದೆ. ಈಚಿನ ದಶಕಗಳಲ್ಲಿ ಈ ಲೆಕ್ಕ ಸಡಿಲವಾಗಿದೆಯೆಂಬ ದೂರು ಹೊರಗಿನವರಿಂದಲ್ಲದೆ ವಿಜ್ಞಾನಿಗಳಿಂದಲೇ ಹುಟ್ಟಿದೆ. ಮನಶ್ಶಾಸ್ತ್ರದಲ್ಲಿ ಅಚ್ಚಾಗಿದ್ದ 100 ಪ್ರಯೋಗಗಳನ್ನು ವಿದ್ವಾಂಸರ ದೊಡ್ಡದೊಂದು ತಂಡವು ಪುನಃ ಮಾಡಿ, 2015ರಲ್ಲಿ ಫಲವನ್ನು ಪ್ರಕಟಿಸಿತು. ಮೂಲ ಪ್ರಯೋಗಗಳಲ್ಲಿ ನೂರಕ್ಕೆ 97ರಷ್ಟು ‘ಫಲ ದೊರೆಯಿತು’ ಎಂದು ಸಾರಿದ್ದುವು. ಮರುಪ್ರಯೋಗದಲ್ಲಿ ಹಾಗೆ ನಿಂತವು ನೂರಕ್ಕೆ 36 ಮಾತ್ರ. ಹೀಗೇಕಾಯಿತು, ಇದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ನಮ್ಮ ಸೀಮೆಯ ಸಂಗತಿಗಳಿಂದಲೇ ಇಂದು ವಿಚಾರಮಾಡೋಣ.

ಮೊದಲು ಸರಿಯಾಗಿ ನಡೆದುದಕ್ಕೆ ಒಂದು ಉದಾಹರಣೆ. ಅಶೋಕನ ಶಾಸನಗಳು ಭರತಖಂಡದ ಅನೇಕ ಕಡೆಗಳಲ್ಲಿ ಸಿಕ್ಕಿದ್ದರೂ ಬಹುಕಾಲ ಅವುಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಕಾಣುತ್ತಿದ್ದುವು. ಆ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ಪರು ಮೊದಲು ಇವನು ಸಿಂಹಳದ ಅರಸನಿರಬೇಕೆಂದು ಎಣಿಸಿದ್ದರು. 1837ರಲ್ಲಿ ಜಾರ್ಜ್ ಟರ್ನರ್ ಎಂಬವರು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ, ಪ್ರಿಯದರ್ಶಿಯೆಂದರೆ ಮೌರ್ಯ ಅಶೋಕನೇ ಎಂದು ತೋರಿಸಿದರು. ಪ್ರಿನ್ಸೆಪ್ಪರು ತಮ್ಮ ಮಾತನ್ನು ತಿದ್ದಿಕೊಂಡರು. ಆದರೂ ಇದು ಊಹೆಯಾಗಿಯೇ ಉಳಿದಿತ್ತು. ಅಶೋಕನೆಂಬ ಹೆಸರನ್ನೇ ಹೊತ್ತ ಕಲ್ಲೊಂದು ದೊರೆಯಬೇಕಾಗಿತ್ತು. ಅದು ದೊರೆತುದು 78 ವರ್ಷಗಳ ಮೇಲೆ, 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರರ ಕಣ್ಣಿಗೆ ಅದು ಬಿದ್ದಿತು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಕಲ್ಲಿನಲ್ಲಿ ಅಶೋಕನ ಹೆಸರಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು ಉದೇಗೋಳಗಳಲ್ಲಿಯೂ ಆ ಹೆಸರು ಮತ್ತೆ ಕಂಡುಬಂದಿತು.

ಇಲ್ಲಿ ನಾವು ಗಮನಿಸಬೇಕಾದುದು ಕಾಲದ ಕ್ರಮವನ್ನು. ಮಾತು ಮೊದಲು ಅಚ್ಚಾಯಿತು. ಸಾಕ್ಷಿ ಆಮೇಲೆ ಬಂದಿತು. ಹೇಳಿದವರಿಗೆ ಮಸ್ಕಿಯ ಬಂಡೆಯ ವಿಷಯ ತಿಳಿದಿರಲಿಲ್ಲ. ಬಂಡೆಯನ್ನು ಕಂಡವರು ಇವರ ಪಕ್ಷವನ್ನು ಗೆಲ್ಲಿಸಲು ಹೊರಟವರಲ್ಲ. ಆದುದರಿಂದಲೇ ಆ ಸಾಕ್ಷಿಗೆ ತೂಕ. ಬಂಡೆಯನ್ನು ನೋಡಿದ ಮೇಲೆ ‘ಇವನು ಅಶೋಕನೇ ಎಂದು ನಮಗೆ ಮೊದಲೇ ಗೊತ್ತಿತ್ತು’ ಎನ್ನುವುದು ಯಾರಿಗೂ ಕಷ್ಟವಲ್ಲವಷ್ಟೆ.

ಇನ್ನು ಮಳೆಯ ವಿಷಯ. ಮುಂಗಾರನ್ನು ಮೊದಲೇ ತಿಳಿಸುವ ಕಾರ್ಯವನ್ನು ಹವಾಮಾನ ಇಲಾಖೆಯ ಬ್ಲಾನ್‌ಫರ್ಡರು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ, ಹಿಮಾಲಯದ ಹಿಮರಾಶಿಯನ್ನು ನೋಡಿ, ಪ್ರಾರಂಭಿಸಿದರು. 1904ರಿಂದ 1924ರ ವರೆಗೆ ಆ ಇಲಾಖೆಯನ್ನು ನಡೆಸಿದ ಸರ್ ಗಿಲ್ಬರ್ಟ್ ವಾಕರರು ಭೂಮಂಡಲದ ನಾನಾ ಕಡೆಯ ಗಾಳಿಯ ಒತ್ತಡ, ಉಷ್ಣತೆ, ಮಳೆಗಳನ್ನು ನಮ್ಮ ಮುಂಗಾರಿನೊಡನೆ ಹೋಲಿಸಿ ಸಂಬಂಧಗಳನ್ನು ಹುಡುಕಿದರು. ಅದೇ ಕ್ರಮದಲ್ಲಿ ಬೆಳೆದುಬಂದು, 16 ಸೂಚಕಗಳನ್ನು ಒಟ್ಟುಗೂಡಿಸಿದ ಗಣಿತಸೂತ್ರವೊಂದು 1988ರಿಂದ ಬಳಕೆಯಲ್ಲಿತ್ತು. ವರ್ಷ ವರ್ಷವೂ ‘ಮಳೆ ಸಾಧಾರಣ’ ಎಂದಿತು; ಬಹುಮಟ್ಟಿಗೆ ಹಾಗೆಯೇ ಆಯಿತು. 2002ರಲ್ಲಿ ದೇಶದ ಮಳೆ ಸರಾಸರಿಯ ನೂರಕ್ಕೆ 101ರಷ್ಟು ಆಗುವುದೆಂದು ಹೇಳಿತು. ಆದುದು 81. ಆ ವರ್ಷದ ಜುಲೈ ತಿಂಗಳೊಂದರಲ್ಲಿಯೇ ಮಳೆ ಅರ್ಧಕ್ಕೆ ಇಳಿದಿತ್ತು. ಬಿತ್ತಿದ ಬೀಜ ನೆಲದಲ್ಲಿಯೇ ಒಣಗುವುದೆಂದರೇನೆಂದು ದೇವದುರ್ಗದ ಬೆದ್ದಲು ಹೊಲದವನಿಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಸೂತ್ರವನ್ನು ಮಾಡಿದವರು ಅಪ್ರಾಮಾಣಿಕರಲ್ಲ. ದೋಷವಿದ್ದುದು ಹುಡುಕುವ ಬಗೆಯಲ್ಲಿ. ಹಳೆಯ ವರ್ಷಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ಅವುಗಳಿಗೆ ಹೊಂದುವ ಸೂಚಕಗಳನ್ನು ಆರಿಸುತ್ತ ಹೋದರೆ ಕೆಲವು ಹೊಂದಿಯೇ ತೀರುತ್ತವೆ. ಯಾವ ಸತ್ತ್ವವೂ ಇಲ್ಲದ, ಒಂದಕ್ಕೊಂದು ಸಂಬಂಧವಿಲ್ಲದ 20 ಸೂಚಕಗಳನ್ನು ತೆಗೆದುಕೊಂಡು, ‘ಇಪ್ಪತ್ತರಲ್ಲಿ ಒಂದು ಸಲ ಮಾತ್ರ ಆಕಸ್ಮಿಕ’ ಎಂಬ ವಾಡಿಕೆಯ ಒರೆಗೆ ಹಚ್ಚಿನೋಡಿದರೆ, ಒಂದಾದರೂ ತೇರ್ಗಡೆಯಾಗುವ ಸಂಭವವು ನೂರಕ್ಕೆ 64. ತೇರ್ಗಡೆಯಾದ ಒಂದನ್ನು ಅಚ್ಚುಹಾಕಿಸಿ ಉಳಿದ 19ನ್ನು ಪೆಟ್ಟಿಗೆಯಲ್ಲಿಟ್ಟರೆ ಓದುವವನಿಗೆ ಅದು ಸತ್ಯವೆಂದೇ ತೋರುವುದು. ಹತ್ತು ಭವಿಷ್ಯ ಹೇಳಿ, ನಿಜವಾದ ಒಂದನ್ನೇ ನೆನಪುಮಾಡಿಕೊಡುವ ಕಣಿಯವನ ಜಾಣತನವೂ ಇದೇ. ಸೋಜಿಗವೇನೆಂದರೆ, ಬಹಳ ಸಂಬಂಧಗಳನ್ನು ಹುಡುಕಿ ಅವುಗಳಲ್ಲಿ ಅತ್ಯುತ್ತಮವಾದುದನ್ನು ಆರಿಸಿದಾಗ ಒರೆಯನ್ನು ಇನ್ನೂ ಬಿಗಿಮಾಡಬೇಕೆಂದು ಎಚ್ಚರಿಸಿ 1914ರಲ್ಲಿಯೇ ಬರೆದವರು ಅದೇ ವಾಕರರು. ನಮ್ಮ ಇಲಾಖೆಯ ಪ್ರಕಟಣೆಯಲ್ಲಿಯೇ ಬಂದ ಎಚ್ಚರಿಕೆಯನ್ನು ಲೋಕವು ತಡವಾಗಿ ಕೇಳಿಸಿಕೊಂಡಿತು.

ಹವಾಮಾನ ಇಲಾಖೆಗೆ ಸಲ್ಲತಕ್ಕ ಗೌರವವೂ ಒಂದಿದೆ. ಅದು 101 ಎಂಬುದನ್ನು ಮೊದಲೇ, ಅಂಕಿಯಲ್ಲಿ, ಬಹಿರಂಗವಾಗಿ ಹೇಳಿತ್ತು. ಆದುದರಿಂದಲೇ ತಪ್ಪು ತಪ್ಪೆಂದು ತಿಳಿಯಿತು. 2003ರಲ್ಲಿ ಸೂತ್ರ ಬದಲಾಯಿತು. 2009ರಲ್ಲಿ 96 ಎಂದುದಕ್ಕೆ 78 ಆದಾಗ ಮತ್ತೆ ಪರಾಮರ್ಶೆ ನಡೆಯಿತು. ಮಳೆ ‘ಆದರೂ ಆಗಬಹುದು, ಆಗದೆಯೂ ಇರಬಹುದು’ ಎಂದವನು ಎಂದಿಗೂ ಸೋಲನು. ಅವನಿಂದ ಯಾರೂ ಏನನ್ನೂ ಕಲಿಯರು.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕಂಡುಕೊಂಡ ಮದ್ದು ಬಲು ಸರಳವಾದುದು: ಪ್ರಯೋಗವನ್ನು ಪ್ರಾರಂಭಿಸುವುದಕ್ಕೆ ಮುಂಚೆಯೇ ಏನನ್ನು ಅಳೆಯುವೆವು, ಯಾವುದನ್ನು ಗೆಲುವೆಂದು ಎಣಿಸುವೆವು ಎಂಬುದನ್ನು ಸಾರ್ವಜನಿಕ ದಫ್ತರದಲ್ಲಿ ಬರೆಯಿಸುವುದು. ಅಮೆರಿಕಾದ ರಾಷ್ಟ್ರೀಯ ಹೃದಯಸಂಸ್ಥೆಯ ಹಣದಿಂದ ನಡೆದ ದೊಡ್ಡ ಪ್ರಯೋಗಗಳನ್ನು ಪರಿಶೀಲಿಸಿದವರು 2015ರಲ್ಲಿ ತಿಳಿಸಿದುದನ್ನು ಕೇಳಿ. 2000ಕ್ಕೆ ಮುಂಚಿನ 30 ಪ್ರಯೋಗಗಳಲ್ಲಿ 17 ‘ಔಷಧದಿಂದ ಗುಣ ಕಂಡಿತು’ ಎಂದಿದ್ದುವು. ಮೊದಲೇ ಬರೆಯಿಸುವ ಪದ್ಧತಿ ಬಂದ ಮೇಲೆ 25ರಲ್ಲಿ ಹಾಗೆಂದವು 2 ಮಾತ್ರ. ನಮ್ಮ ದೇಶದಲ್ಲಿಯೂ ಇಂತಹ ದಫ್ತರವು 2007ರಲ್ಲಿ ತೆರೆಯಿತು. 2009ರ ಜೂನ್ 15ರಿಂದ ಔಷಧಪ್ರಯೋಗಗಳನ್ನು ಅಲ್ಲಿ ಬರೆಯಿಸುವುದು ಕಡ್ಡಾಯವಾಯಿತು. ಗೆಲುವಿನ ಸಂಖ್ಯೆ ಇಳಿದುದು ನಷ್ಟವೆಂದು ತಿಳಿಯಬಾರದು. ಉಳಿದ ಎರಡನ್ನು ರೋಗಿಯು ನಂಬಬಹುದಾಯಿತು.

ಕೊನೆಗೆ, ಮಾನ್ವಿಯ ರೈತನ ಎರಡನೆಯ ಪ್ರಶ್ನೆಗೆ ಬರೋಣ. ಹುಳುವನ್ನು ಕೊಲ್ಲುವ ಜೀನನ್ನು ಸೇರಿಸಿದ ಬಿ.ಟಿ. ಹತ್ತಿಗೆ 2002ರಲ್ಲಿಯೂ ಎರಡು ಜೀನುಗಳುಳ್ಳುದಕ್ಕೆ 2006ರಲ್ಲಿಯೂ ಅನುಮತಿ ದೊರೆಯಿತು. ಆಗಲೇ ಶಾಸ್ತ್ರಜ್ಞರು ಒಂದು ಮಾತನ್ನು ಹೇಳಿದ್ದರು: ಹೊಲದ ಅಂಚಿನಲ್ಲಿ ಸಾಮಾನ್ಯ ಹತ್ತಿಯನ್ನೂ ಬೆಳೆಯಬೇಕು, ಇಲ್ಲವಾದರೆ ಹುಳು ವಿಷಕ್ಕೆ ಒಗ್ಗಿಕೊಳ್ಳುವುದು. ಅದಕ್ಕಾಗಿಯೇ 450 ಗ್ರಾಂ ಬೀಜದ ಜೊತೆಯಲ್ಲಿ 120 ಗ್ರಾಂ ಸಾಮಾನ್ಯ ಬೀಜದ ಪೊಟ್ಟಣವಿರುತ್ತಿತ್ತು. ಬಹುಮಂದಿ ಅದನ್ನು ಬಿತ್ತಲಿಲ್ಲ. ಹುಳುವಿಗೆ ಬಿಟ್ಟುಕೊಡುವ ಸಾಲಿಗೆ ಸಣ್ಣ ಹಿಡುವಳಿಯಲ್ಲಿ ಎಡೆಯೆಲ್ಲಿ? ಏಕೆ ಬಿತ್ತಬೇಕೆಂದು ಮನಮುಟ್ಟುವಂತೆ ಹೇಳಿದವರೂ ವಿರಳ. ಗುಲಾಬಿ ಕಾಯಿಕೊರಕವು ಮೊದಲ ಬಗೆಯ ಹತ್ತಿಗೆ ಒಗ್ಗಿದುದು ಗುಜರಾತಿನಲ್ಲಿ 2010ರಲ್ಲಿ ಬಹಿರಂಗವಾಯಿತು. ಕೆಲವೇ ವರ್ಷಗಳಲ್ಲಿ ಎರಡನೆಯ ಬಗೆಗೂ ಒಗ್ಗಿತು. ಪಿಡುಗು ದಕ್ಷಿಣದ ಹತ್ತಿಯ ಸೀಮೆಗಳಿಗೂ ಬಂದಿತು. ಆ ನಿಯಮವನ್ನು ಪಾಲಿಸಿದ ಅಮೆರಿಕಾದ ಅರಿಜೋನಾದಲ್ಲಿ ಹುಳು ಹೀಗೆ ಒಗ್ಗಲಿಲ್ಲ. ಇತರ ಉಪಾಯಗಳೂ ಕೂಡಿ, ಆ ದೇಶದ ಹತ್ತಿಯ ಹೊಲಗಳಿಂದ ಅದು ನಿರ್ಮೂಲವಾಯಿತೆಂದು 2018ರಲ್ಲಿ ಅಲ್ಲಿನ ಸರಕಾರ ಸಾರಿತು. ಹಾಗಾದರೆ ಶಾಸ್ತ್ರದ ಭವಿಷ್ಯವಾಣಿ ಸುಳ್ಳಾಗಲಿಲ್ಲ. ಎರಡೂ ಕಡೆ ನಿಜವೇ ಆಯಿತು. ಆದರೆ ಭವಿಷ್ಯದೊಡನೆ ಹೇಳಿದ ‘ಹೀಗೆ ಮಾಡಿದರೆ’ ಎಂಬ ಷರತ್ತು ಅಂಗಡಿಯಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ಬಿದ್ದುಹೋಯಿತು.

ಮತ್ತೊಂದು ಸಂಗತಿ. ರೈತನು ಬೀಜವನ್ನು ತಾನೇ ಉಳಿಸಿಕೊಳ್ಳಬಹುದಾದ ಬಿ.ಟಿ. ಹತ್ತಿಯನ್ನು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಸೇರಿ ಸಿದ್ಧಪಡಿಸಿದ್ದುವು. 2009ರಲ್ಲಿ ಮಾರಾಟಕ್ಕೆ ಬಂದ ಆ ಬೀಜವನ್ನು ಬೇಗನೆ ಹಿಂತೆಗೆದುಕೊಳ್ಳಬೇಕಾಯಿತು. ಖಾಸಗಿ ಕಂಪನಿಯ ಹತ್ತಿಯಲ್ಲಿ ಮೊದಲೇ ಇದ್ದ ಜೀನು ಅದರಲ್ಲಿಯೂ ಇತ್ತೆಂದು ಸೊಪೋರಿಯವರ ಅಧ್ಯಕ್ಷತೆಯ ಸಮಿತಿ 2012ರಲ್ಲಿ ವರದಿಮಾಡಿತು. ಬಡವನಿಗೆ ಉಪಕಾರವಾಗಬಹುದಾಗಿದ್ದ ಕಾರ್ಯ ಹೀಗೆ ಕೆಟ್ಟಿತು. ಸಂಬಂಧವಿಲ್ಲದ ಮತ್ತೊಂದು ಪ್ರಯೋಗಶಾಲೆಯು ಬೀಜವನ್ನು ಮೊದಲೇ ಪರೀಕ್ಷಿಸಿದ್ದರೆ ದೋಷವು ಹೊಲಕ್ಕೆ ಬರುವ ಮುಂಚೆ ಹೊರಬೀಳುತ್ತಿತ್ತೆಂದು ನಮಗೆ ತೋರುತ್ತದೆ.

ಶ್ರೋತೃಗಳೆ, ವಿಜ್ಞಾನದ ಮೇಲಿನ ನಂಬಿಕೆಯನ್ನು ಮತ್ತೆ ಕಟ್ಟುವುದಕ್ಕೆ ಅದ್ಭುತವಾದ ಯಂತ್ರಗಳೇ ಬೇಕೆಂದಿಲ್ಲ. ಪತ್ರಿಕೆಯಲ್ಲಿ ‘ಹೊಸ ಸಂಶೋಧನೆ’ ಎಂಬ ತಲೆಬರಹ ಕಂಡಾಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಮಾತನ್ನು ಮೊದಲೇ ಬರೆದಿಟ್ಟಿದ್ದರೆ? ಬೇರೆಯವರು ಮತ್ತೆ ಮಾಡಿನೋಡಿದರೆ? ಸೋತ ಪ್ರಯೋಗಗಳನ್ನೂ ಪ್ರಕಟಿಸಿದರೆ? ಯಾವ ಷರತ್ತಿನ ಮೇಲೆ ಇದು ನಿಜ? ವಿಶ್ವವಿದ್ಯಾನಿಲಯಗಳು ಲೇಖನಗಳ ಸಂಖ್ಯೆಯನ್ನೆಣಿಸಿ ಬಡ್ತಿ ಕೊಡುವುದನ್ನು ಬಿಟ್ಟು, ಈ ನಾಲ್ಕಕ್ಕೆ ಉತ್ತರ ಕೊಟ್ಟವರನ್ನು ಆದರಿಸಲಿ. ಪರರ ಪ್ರಯೋಗವನ್ನು ತಾಳ್ಮೆಯಿಂದ ಮತ್ತೆ ಮಾಡಿ, ‘ಇದು ನಿಲ್ಲಲಿಲ್ಲ’ ಎಂದು ತಿಳಿಸುವ ತರುಣನಿಗೂ ಮರ್ಯಾದೆ ಸಲ್ಲಲಿ.

ಮಸ್ಕಿಯ ಬಂಡೆ ಒಂದು ಸರಿಯಾದ ಮಾತಿಗಾಗಿ 78 ವರ್ಷ ಕಾದಿತ್ತು. ಕೂರಿಗೆ ಹೂಡಿ ನಿಂತ ರೈತನು ಅಷ್ಟು ಕಾಲ ಕಾಯಲಾರನು. ಅವನಿಗೆ ಹೇಳುವ ಮಾತು ಚಿಕ್ಕದಾದರೂ ಆಗಲಿ, ಹೇಳುವ ಮೊದಲು ಒರೆಗೆ ಹಚ್ಚಿದ್ದಾಗಿರಲಿ.