ಏರೋಪ್ಲೇನ್ ಚಿಟ್ಟೆಗೆ ಬೊಜ್ಜು ಬಂದದ್ದು ಹೇಗೆ?

ಮಕ್ಕಳೇ, ಮಳೆ ನಿಂತು ಹೂಬಿಸಿಲು ಬಿದ್ದಾಗ ಶಾಲೆಯ ಮೈದಾನದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಾರಾಡುವುದನ್ನು ನೋಡಿದ್ದೀರಲ್ಲ? ನಿಮ್ಮಲ್ಲಿ ಕೆಲವರು ಹೆಲಿಕಾಪ್ಟರ್ ಚಿಟ್ಟೆ ಅಂತಲೂ ಕರೆಯುತ್ತೀರಿ. ಗಾಜಿನ ರೆಕ್ಕೆ ನಾಲ್ಕು, ತಲೆ ತುಂಬ ಕಣ್ಣು, ಸಪೂರ ಮೈ. ಇಷ್ಟು ತೆಳ್ಳಗಿನ ಮೈಯಲ್ಲಿ ಬೊಜ್ಜಿಗೆ ಜಾಗ ಎಲ್ಲಿ ಅಂತ ಯಾರಿಗಾದರೂ ಅನ್ನಿಸೀತು. ಆದರೆ ಅದಕ್ಕೂ ಬೊಜ್ಜು ಬರುತ್ತದೆ! ಹೇಗೆ ಅಂತ ನೋಡೋಣ, ಬನ್ನಿ.

ಅಮೆರಿಕದ ಕೆರೆಕುಂಟೆಗಳ ಹತ್ತಿರ ಒಂದು ಜಾತಿಯ ಏರೋಪ್ಲೇನ್ ಚಿಟ್ಟೆ ಇದೆ. ರೆಕ್ಕೆಗೆ ಮೂರರಂತೆ ಹನ್ನೆರಡು ಕಪ್ಪು ಮಚ್ಚೆ ಇರುವುದರಿಂದ ಗುರುತು ಹಿಡಿಯುವುದು ಸುಲಭ. ಗಂಡು ಚಿಟ್ಟೆ ನೀರಿನ ಅಂಚಿನಲ್ಲಿ ತನ್ನದೇ ಒಂದು ಗಡಿ ಮಾಡಿಕೊಂಡು, ಒಳಗೆ ಬಂದ ಬೇರೆ ಗಂಡುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕೆಲವು ಗಂಡುಗಳಿಗೆ ಮಾತ್ರ ಈ ಗಡಿ ಕಾಯುವ ಕಸುವೇ ಇರುವುದಿಲ್ಲ. ಪೆನ್ಸಿಲ್ವೇನಿಯಾ ರಾಜ್ಯದ ವಿಜ್ಞಾನಿಗಳಾದ ರುಡಾಲ್ಫ್ ಶಿಲ್ಡರ್ ಮತ್ತು ಜೇಮ್ಸ್ ಮಾರ್ಡನ್ ಇಂಥ ಚಿಟ್ಟೆಗಳ ಒಳಗೆ ಏನಾಗಿದೆ ಎಂದು ಹುಡುಕಿ, 2006ರಲ್ಲಿ ಲೋಕಕ್ಕೆ ತಿಳಿಸಿದರು.

ಅವುಗಳ ಕರುಳಿನಲ್ಲಿ ಗ್ರೆಗರೈನ್ ಎಂಬ ಪುಟ್ಟ ಜೀವಿಗಳಿದ್ದವು. ಒಂದೊಂದರ ಮೈಯೂ ಒಂದೇ ಜೀವಕೋಶದ್ದು. ಮಲೇರಿಯಾ ತರುವ ಜೀವಿಗೆ ದೂರದ ನೆಂಟ. ಹೀಗೆ ಇನ್ನೊಬ್ಬರ ಮೈಯೊಳಗೆ ಉಳಿದು ಅವರ ಊಟದಲ್ಲೇ ಬದುಕುವ ಜೀವಿಯನ್ನು ಪರಾವಲಂಬಿ ಎನ್ನುತ್ತಾರೆ. ಈ ಗ್ರೆಗರೈನ್ ಕರುಳನ್ನು ಕೊರೆದು ಆಚೆ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಆದರೆ ತೊಂದರೆ ಕಂಡದ್ದು ಕರುಳಿನಿಂದ ದೂರ, ಎದೆಯಲ್ಲಿ! ನನಗೆ ಬಹಳ ಸೋಜಿಗ ತಂದ ಸಂಗತಿ ಇದೇ.

ಚಿಟ್ಟೆಯ ಎದೆಯ ತುಂಬ ಇರುವುದು ರೆಕ್ಕೆ ಬಡಿಯುವ ಸ್ನಾಯುಗಳು. ಅವು ಒಂದು ಒಲೆ ಅಂದುಕೊಳ್ಳಿ. ಸಕ್ಕರೆ ಅಂದರೆ ತರಗೆಲೆ, ಭರ್ರನೆ ಉರಿದು ಮುಗಿಯುತ್ತದೆ. ಕೊಬ್ಬು ಅಂದರೆ ಒಳ್ಳೆಯ ಸೌದೆ, ಬಹಳ ಹೊತ್ತು ಉರಿಯುತ್ತದೆ. ಆರೋಗ್ಯವಂತ ಚಿಟ್ಟೆಯ ಒಲೆಯಲ್ಲಿ ಎರಡೂ ಉರಿಯುತ್ತವೆ. ಗ್ರೆಗರೈನ್ ಹೊಕ್ಕ ಚಿಟ್ಟೆಯ ಒಲೆಗೆ ಸೌದೆಯೇ ಹತ್ತಿಕೊಳ್ಳುವುದಿಲ್ಲ. ಉರಿಯದ ಸೌದೆ ಎದೆಯಲ್ಲೇ ರಾಶಿ ಬೀಳುತ್ತದೆ. ಅದೇ ಬೊಜ್ಜು. ಮೈ ತುಂಬ ಸೌದೆ ಇಟ್ಟುಕೊಂಡೂ ಹಾರಲು ಬಲವಿಲ್ಲ, ಪಾಪ! ಇದರ ಜೊತೆಗೆ ರಕ್ತದಲ್ಲಿ ಸಕ್ಕರೆಯ ಅಂಶವೂ ಏರಿತ್ತು.

ಒಲೆ ಕೆಡಿಸಿದ್ದು ಯಾರು? ಹೊರಗಿನ ಜೀವಿ ಒಳಗೆ ಬಂದಾಗ ಅದನ್ನು ಎದುರಿಸುವ ಶಕ್ತಿ ಪ್ರತಿ ಪ್ರಾಣಿಯ ಮೈಯಲ್ಲೂ ಇರುತ್ತದೆ. ಅದಕ್ಕೆ ರೋಗನಿರೋಧಕ ಶಕ್ತಿ ಎಂದು ಹೆಸರು. ಆ ಹೊತ್ತಿನಲ್ಲಿ ಪಿ-38 ಎಂಬ ಒಂದು ಪ್ರೋಟೀನ್ ಚುರುಕಾಗುತ್ತದೆ. ಕೆಲಸ ಮುಗಿದ ಮೇಲೆ ಅದು ಸುಮ್ಮನಾಗಬೇಕು. ಈ ಚಿಟ್ಟೆಗಳಲ್ಲಿ ಅದು ಸುಮ್ಮನಾಗಿರಲೇ ಇಲ್ಲ. ಗ್ರೆಗರೈನ್ ಕರುಳು ಬಿಟ್ಟು ಹೋಗುವುದಿಲ್ಲ, ಮೈಯೂ ಹೋರಾಟ ನಿಲ್ಲಿಸುವುದಿಲ್ಲ. ಅಂದಹಾಗೆ, ಪಿ-38 ನಿಮ್ಮ ಮೈಯಲ್ಲೂ ನನ್ನ ಮೈಯಲ್ಲೂ ಇದೆ.

ಸಕ್ಕರೆ ಏರಿದ್ದು ನಿಜವಾಗಿ ಗ್ರೆಗರೈನ್‌ನಿಂದಲೇ ಎಂದು ನಂಬುವುದು ಹೇಗೆ? ವಿಜ್ಞಾನಿಗಳು ಒಂದು ಚಂದದ ಪರೀಕ್ಷೆ ಮಾಡಿದರು. ಸೋಂಕಿಲ್ಲದ ಚಿಟ್ಟೆಗಳನ್ನು ತಂದು ನೀರು ಕುಡಿಸಿದರು. ಆ ನೀರಿನಲ್ಲಿ ಗ್ರೆಗರೈನ್ ಇರಲಿಲ್ಲ, ಅದು ಹೊರಹಾಕುವ ರಸ ಮಾತ್ರ ಚೂರೇ ಚೂರು ಬೆರೆತಿತ್ತು. ಅಷ್ಟಕ್ಕೇ ಚಿಟ್ಟೆಗಳ ರಕ್ತದಲ್ಲಿ ಸಕ್ಕರೆ ಏರಿತು! ಇಂಥ ಪರೀಕ್ಷೆಯನ್ನು ಯೋಚಿಸಿ ಹೊಳೆಯಿಸಿಕೊಳ್ಳುವುದರಲ್ಲೇ ವಿಜ್ಞಾನದ ಅರ್ಧ ಸಂತೋಷವಿದೆ.

ಹಾಗಾದರೆ ಎಲ್ಲ ಪರಾವಲಂಬಿಗಳೂ ಬೊಜ್ಜು ತರುತ್ತವೆಯೇ? ಇಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಬ್ಬಿನ ಆಹಾರ ತಿಂದ ಇಲಿಗಳಿಗೆ ಒಂದು ಬಗೆಯ ಕರುಳುಹುಳು ಹಾಕಿ ನೋಡಿದಾಗ ತದ್ವಿರುದ್ಧ ಫಲ ಸಿಕ್ಕಿತು. ಹುಳುವಿನ ವಿರುದ್ಧ ಹೋರಾಡುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಇಲಿಯ ಕೊಬ್ಬಿನೊಳಗೆ ಹೆಚ್ಚಾದವು. ಇಲಿಯ ಮೈ ಸಕ್ಕರೆಯನ್ನು ಮೊದಲಿಗಿಂತ ಚೆನ್ನಾಗಿ ಬಳಸಿಕೊಂಡಿತು.

ಇದನ್ನು ಕೇಳಿ, ಹೊಟ್ಟೆಯಲ್ಲಿ ಹುಳು ಇದ್ದರೆ ಒಳ್ಳೆಯದೇ ಅಂದುಕೊಳ್ಳಬೇಡಿ! ನಮ್ಮ ಮೈಗೆ ಬರುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತ ಕಡಿಮೆಯಾದ ಮಗುವಿಗೆ ಆಟದಲ್ಲೂ ಸುಸ್ತು, ಪಾಠದಲ್ಲೂ ಸುಸ್ತು. ಅದಕ್ಕೇ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವಾದ ಫೆಬ್ರುವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಅದನ್ನು ಹಾಗೇ ನುಂಗಬೇಡಿ. ಟೀಚರ್ ಎದುರಿನಲ್ಲೇ ಚೆನ್ನಾಗಿ ಅಗಿದು ತಿಂದು, ಮೇಲೆ ನೀರು ಕುಡಿಯಿರಿ.