ಸರಪಳಿ ವ್ಯಾಪಾರದ ಲೆಕ್ಕ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಓಣಿಗಳಲ್ಲಿ ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ಜನರ ಬಾಯಲ್ಲಿ ಅದು ಚೈನ್ ಬಿಸಿನೆಸ್. ಪಾಳಿ ಮುಗಿಸಿ ಬಂದವನನ್ನು ನೆಂಟನೊಬ್ಬ ಸಭೆಗೆ ಕರೆದೊಯ್ಯುತ್ತಾನೆ. "ಎಷ್ಟು ದಿನ ಇನ್ನೊಬ್ಬರ ಕೈಕೆಳಗೆ ದುಡಿಯುತ್ತೀರಿ? ನೀವೇ ಮಾಲೀಕರಾಗಿ" ಎಂದು ಅಲ್ಲಿ ಬೋಧಿಸುತ್ತಾರೆ. ಒಪ್ಪುವ ಮೊದಲು, ತಳ್ಳಿಹಾಕುವ ಮೊದಲೂ, ಆ ವ್ಯಾಪಾರ ನಡೆಯುವ ಬಗೆಯನ್ನು ನಾವು ತಿಳಿಯಬೇಕು.

ಸಾಮಾನ್ಯವಾಗಿ ಸರಕು ಕಾರ್ಖಾನೆಯಿಂದ ಸಗಟು ವ್ಯಾಪಾರಿಗೆ, ಅವನಿಂದ ಅಂಗಡಿಗೆ, ಅಂಗಡಿಯಿಂದ ಗಿರಾಕಿಗೆ ಬರುತ್ತದೆ. ಇಲ್ಲಿ ಅಂಗಡಿಯಿಲ್ಲ. ಕಂಪನಿಯ ಸದಸ್ಯನೇ ಸೋಪು, ಪುಡಿ, ಮಾತ್ರೆಗಳನ್ನು ರಿಯಾಯಿತಿ ಬೆಲೆಗೆ ಕೊಂಡು ಮನೆಮನೆಗೆ ಮಾರುತ್ತಾನೆ. ಇದು ಮೊದಲನೆಯ ಆದಾಯ. ತಾನು ಸೇರಿಸಿದವರೂ, ಅವರು ಸೇರಿಸಿದವರೂ ಕೊಳ್ಳುವ ಸರಕಿನ ಮೇಲೆ ದೊರೆಯುವ ಕಮಿಷನ್ ಎರಡನೆಯದು. ಅಮೆರಿಕೆಯ ಮಿಷಿಗನ್ ರಾಜ್ಯದಲ್ಲಿ 1959ರಲ್ಲಿ ಹುಟ್ಟಿದ ಆಮ್‌ವೇ ಈ ಪದ್ಧತಿಯನ್ನು ಹರಡಿದ ಕಂಪನಿಗಳಲ್ಲಿ ಪ್ರಮುಖವಾದುದು. ಭಾರತದಲ್ಲಿ ಅದು ವ್ಯಾಪಾರ ಆರಂಭಿಸಿದ್ದು 1998ರಲ್ಲಿ.

ಮೊದಲನೆಯ ಆದಾಯದಲ್ಲಿ ದೋಷವಿಲ್ಲ. ಬಳೆಗಾರನೂ ಮನೆಮನೆಗೆ ಹೋಗಿಯೇ ಮಾರುತ್ತಾನೆ. ಸಭೆಯಲ್ಲಿ ಆಸೆ ಹುಟ್ಟಿಸುವುದು ಎರಡನೆಯದು. ಅದರ ಲೆಕ್ಕ ಹಾಕೋಣ.

ಒಬ್ಬನು ಆರು ಜನರನ್ನು ಸೇರಿಸಲಿ; ಆ ಆರರಲ್ಲಿ ಪ್ರತಿಯೊಬ್ಬನೂ ಮತ್ತೆ ಆರು ಜನರನ್ನು ಸೇರಿಸಲಿ. 6, 36, 216, 1,296, 7,776 ಹೀಗೆ ಬೆಳೆದು ಹತ್ತನೆಯ ಮೆಟ್ಟಿಲಿಗೆ 6,04,66,176 ಜನ ಬೇಕು. ಹತ್ತೂ ಮೆಟ್ಟಿಲು ಕೂಡಿದರೆ 7 ಕೋಟಿ 25 ಲಕ್ಷ! 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ, ತೊಟ್ಟಿಲ ಕೂಸೂ ಸೇರಿ, 6 ಕೋಟಿ 11 ಲಕ್ಷ. ಸರಪಳಿ ಎಲ್ಲಿಯೋ ನಿಲ್ಲಲೇಬೇಕು. ಎಲ್ಲಿ ನಿಂತರೂ ಆರರಲ್ಲಿ ಐದು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಕೊನೆಯ ಸಾಲಿನಲ್ಲಿರುತ್ತಾರೆ. ಅವರ ಕೆಳಗೆ ಯಾರೂ ಇಲ್ಲ. ಇದು ಅವರ ಸೋಮಾರಿತನದ ಫಲವಲ್ಲ, ಗುಣಾಕಾರದ ಫಲ. "ಶ್ರಮಪಟ್ಟರೆ ಎಲ್ಲರೂ ಮೇಲೇರಬಹುದು" ಎಂಬುದು ಆದ್ದರಿಂದಲೇ ಸುಳ್ಳು. ನಮ್ಮ ಚೀಟಿಯಲ್ಲಿಯಾದರೋ ಇಪ್ಪತ್ತು ಜನ ಕೂಡಿದರೆ ಇಪ್ಪತ್ತು ತಿಂಗಳಲ್ಲಿ ಎಲ್ಲರ ಸರದಿಯೂ ಬರುತ್ತದೆ.

ಜನರನ್ನು ಸೇರಿಸಿದ್ದಕ್ಕೆ ಹಣ ಹಂಚುವ ಯೋಜನೆಗಳನ್ನು 1978ರ ಕಾಯಿದೆಯೇ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆಯಿದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಆಮ್‌ವೇ ಪದ್ಧತಿ ಪಿರಮಿಡ್ ಅಲ್ಲವೆಂದು ಅಮೆರಿಕೆಯ ವ್ಯಾಪಾರ ಆಯೋಗ 1979ರಲ್ಲಿ ತೀರ್ಮಾನಿಸಿತು. ಅದೇ ಆಯೋಗದ ಆರೋಪಕ್ಕೆ ಗುರಿಯಾದ ಹರ್ಬಲೈಫ್ ಕಂಪನಿ 2016ರಲ್ಲಿ 20 ಕೋಟಿ ಡಾಲರ್ ತೆರಬೇಕಾಯಿತು. ಆದುದರಿಂದ ಹೆಸರಿಗೆ ಮರುಳಾಗದೆ ನಾವು ನಾಲ್ಕು ಪ್ರಶ್ನೆ ಕೇಳಬೇಕು. ಸೇರುವುದಕ್ಕೆ ಹಣ ಕೇಳುತ್ತಾರೆಯೇ? ಆದಾಯ ಸರಕಿನಿಂದಲೋ, ತಲೆಯೆಣಿಕೆಯಿಂದಲೋ? ಸದಸ್ಯನಲ್ಲದ ಗಿರಾಕಿ ಈ ಬೆಲೆಗೆ ಈ ಸರಕನ್ನು ಕೊಳ್ಳುವನೇ? ಮಾರದೆ ಉಳಿದದ್ದನ್ನು ಹಿಂದಕ್ಕೆ ಪಡೆಯುವರೇ?

ಮಾಲೀಕನೆಂದು ಕರೆಸಿಕೊಂಡವನಿಗೆ ಇಲ್ಲಿ ಪ್ರಾವಿಡೆಂಟ್ ಫಂಡಿಲ್ಲ, ಇಎಸ್‌ಐ ಇಲ್ಲ, ಗೊತ್ತಾದ ಕೂಲಿಯೂ ಇಲ್ಲ. ಸರಕು ಮಾರದಿದ್ದರೆ ನಷ್ಟ ಅವನದು. ಗ್ರಾಚ್ಯುಟಿಯ ಹಣ ಸೋಪಿನ ಡಬ್ಬಗಳಾಗಿ ಅಟ್ಟ ಸೇರುತ್ತದೆ. ನೆಂಟರು ಅವನನ್ನು ಕಂಡರೆ ದಾರಿ ಬದಲಿಸುತ್ತಾರೆ. ಓಣಿಯ ಕಿರಾಣಿ ಅಂಗಡಿಯವನಿಗೂ ಗಿರಾಕಿ ತಪ್ಪುತ್ತಾನೆ.

ಬಳಗ ಕೂಡಿ ವ್ಯಾಪಾರ ಮಾಡುವುದಕ್ಕೆ ಬೇರೆ ದಾರಿಯೂ ಇದೆ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ 28 ಜನ ದುಡಿಯುವವರು ಸ್ವಂತ ಅಂಗಡಿ ತೆರೆದು, ಲಾಭವನ್ನು ಅವರವರ ಖರೀದಿಗೆ ತಕ್ಕಂತೆ ಹಂಚಿಕೊಂಡರು. ನಮ್ಮ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದರು. ಅಲ್ಲಿ ಅಪ್‌ಲೈನ್ ಇಲ್ಲ, ಡೌನ್‌ಲೈನ್ ಇಲ್ಲ. ಒಬ್ಬ ಸದಸ್ಯನಿಗೆ ಒಂದು ಓಟು. ನೆಂಟರ ಮನೆಗೆ ಸದಸ್ಯತ್ವದ ಫಾರಂ ಹಿಡಿದು ಹೋಗುವುದಾದರೆ, ಅಂಥ ಸಂಘದ ಫಾರಂ ಹಿಡಿದು ಹೋಗೋಣ.